ವಿಶ್ವಾಸವೇ ಬಡವರ ಬಂಡವಾಳ

ಗ್ವಾಡಲೂಪೆ ಮಾತೆಯ ಹಬ್ಬದ ಚಿಂತನೆ

ಡಿಸೆಂಬರ್ 12ರಂದು ಧರ್ಮಸಭೆ ಗ್ವಾಡಲೂಪೆ ಮಾತೆಯ ಹಬ್ಬವನ್ನು ಆಚರಿಸುತ್ತದೆ. ಆಗಮನ ಕಾಲದ ನಡುವೆ ಬರುವ ಈ ಹಬ್ಬ ನಮ್ಮ ಧರ್ಮಕೇಂದ್ರಗಳಲ್ಲಿ ಸದ್ದಿಲ್ಲದೆ ಕಳೆದುಹೋಗುವುದೇ ಹೆಚ್ಚು. ಗೋದಲಿಯ ಸಿದ್ಧತೆ, ಕ್ರಿಸ್ತ ಜಯಂತಿಯ ಗೀತೆಗಳ ಅಭ್ಯಾಸ ಇವುಗಳ ಗಡಿಬಿಡಿಯಲ್ಲಿ ನಮ್ಮ ಗಮನ ಅತ್ತ ಹರಿಯುವುದಿಲ್ಲ. ಆದರೆ ಮೆಕ್ಸಿಕೊ ದೇಶದಲ್ಲಿ ಹಾಗೂ ಅಮೆರಿಕ ಸಂಯುಕ್ತ ಸಂಸ್ಥಾನದ ಲ್ಯಾಟಿನೊ ಧರ್ಮಕೇಂದ್ರಗಳಲ್ಲಿ ಅಂದು ಬೆಳಕು ಹರಿಯುವ ಮೊದಲೇ ದೇವಾಲಯಗಳು ತುಂಬಿರುತ್ತವೆ. ಜನರು ಗುಲಾಬಿಗಳನ್ನು ಹಿಡಿದು ಬಂದು, ಹೆತ್ತ ತಾಯಿಯ ಹುಟ್ಟುಹಬ್ಬಕ್ಕೆ ಹಾಡುವಂತೆ ಮಾತೆಗೆ ಹಾಡುತ್ತಾರೆ. ಅನೇಕರು ಅಲ್ಲಿಂದ ನೇರವಾಗಿ ಹೊಲಕ್ಕೆ, ಕಾರ್ಖಾನೆಗೆ, ಹೋಟೆಲಿನ ಅಡುಗೆಮನೆಗೆ ಕೆಲಸಕ್ಕೆ ಹೊರಡುತ್ತಾರೆ.

ಲ್ಯಾಟಿನೊ ಎಂದರೆ ಯಾರು? ಮೆಕ್ಸಿಕೊ, ಮಧ್ಯ ಅಮೆರಿಕ, ದಕ್ಷಿಣ ಅಮೆರಿಕ ಹಾಗೂ ಕೆರಿಬಿಯನ್ ದ್ವೀಪಗಳ ಮೂಲದಿಂದ ಬಂದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿರುವ ಜನ. 2020ರ ಜನಗಣತಿಯ ಪ್ರಕಾರ ಅವರ ಸಂಖ್ಯೆ 6 ಕೋಟಿ 20 ಲಕ್ಷಕ್ಕೂ ಹೆಚ್ಚು. ಆ ದೇಶದ ಪ್ರತಿ ನೂರು ಜನರಲ್ಲಿ ಸುಮಾರು ಹತ್ತೊಂಬತ್ತು ಮಂದಿ. ಕೆಲವರ ಪೂರ್ವಿಕರು ಆ ನೆಲ ಅಮೆರಿಕಕ್ಕೆ ಸೇರುವ ಮೊದಲೇ ಅಲ್ಲಿದ್ದವರು. ಕೆಲವರು ನಿನ್ನೆ ಮೊನ್ನೆ ಗಡಿ ದಾಟಿ ಬಂದವರು. ಈ ಜನ ತಮ್ಮ ಬೆವರಿನ ಹಣವನ್ನು ಹೇಗೆ ಕೂಡಿಡುತ್ತಾರೆ, ಕಷ್ಟಕಾಲದಲ್ಲಿ ಒಬ್ಬರಿಗೊಬ್ಬರು ಹೇಗೆ ಆಸರೆಯಾಗುತ್ತಾರೆ, ಅದರಲ್ಲಿ ಧರ್ಮಸಭೆಯ ಪಾತ್ರವೇನು ಎಂಬುದನ್ನು ಈ ಹಬ್ಬದ ಬೆಳಕಿನಲ್ಲಿ ತಿಳಿದುಕೊಳ್ಳೋಣ. ಹಬ್ಬಕ್ಕೂ ಹಣದ ಲೆಕ್ಕಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಉತ್ತರ ಹಬ್ಬದ ಕಥೆಯಲ್ಲೇ ಇದೆ.

ಕೂಲಿಕಾರನ ಹೊದಿಕೆ

1531ನೇ ಇಸವಿ. ಮೆಕ್ಸಿಕೊ ನಗರದ ಬಳಿಯ ತೆಪೆಯಾಕ್ ಗುಡ್ಡದ ಮೇಲೆ ಹುವಾನ್ ದಿಯೆಗೊ ಎಂಬ ಬಡ ಮೂಲನಿವಾಸಿಗೆ ಮಾತೆ ಮರಿಯಮ್ಮನವರು ದರ್ಶನ ನೀಡಿದರೆಂದು ಧರ್ಮಸಭೆಯ ಪರಂಪರೆ ಹೇಳುತ್ತದೆ. ಅಲ್ಲಿ ಒಂದು ದೇವಾಲಯ ಕಟ್ಟಬೇಕೆಂದು ಧರ್ಮಾಧ್ಯಕ್ಷರಿಗೆ ತಿಳಿಸುವಂತೆ ಮಾತೆ ಆತನನ್ನು ಕಳುಹಿಸಿದರು. ಧರ್ಮಾಧ್ಯಕ್ಷ ಸುಮಾರಗಾ ಅವರು ಗುರುತು ಬೇಕೆಂದರು. ಅಷ್ಟರಲ್ಲಿ ಹುವಾನ್ ದಿಯೆಗೊನ ಚಿಕ್ಕಪ್ಪನಿಗೆ ಕಾಯಿಲೆ ಬಲಿತು ಸಾಯುವ ಸ್ಥಿತಿ ಬಂತು. ಯಾಜಕರನ್ನು ಕರೆತರಲು ಹೊರಟ ಆತ, ಮಾತೆ ಎದುರಾದರೆ ತಡವಾದೀತೆಂದು ಗುಡ್ಡದ ಇನ್ನೊಂದು ಬದಿಯಿಂದ ಸುತ್ತಿಕೊಂಡು ಹೋದ. ಮಾತೆ ಅಲ್ಲಿಗೇ ಇಳಿದು ಬಂದರು. ಗದರಲಿಲ್ಲ. ಮೊದಲು ಚಿಕ್ಕಪ್ಪ ಗುಣಮುಖನಾಗಿದ್ದಾನೆಂಬ ಭರವಸೆ ಕೊಟ್ಟರು. ಆಮೇಲೆ ಗುಡ್ಡದ ಮೇಲಿನ ಹೂಗಳನ್ನು ಕೊಯ್ದು ತರಲು ಹೇಳಿದರು. ಆತ ಅವುಗಳನ್ನು ತನ್ನ ಹೊದಿಕೆಯಲ್ಲಿ ಕಟ್ಟಿಕೊಂಡು ಹೋಗಿ ಧರ್ಮಾಧ್ಯಕ್ಷರ ಮುಂದೆ ಬಿಚ್ಚಿದಾಗ ಆ ಬಟ್ಟೆಯ ಮೇಲೆ ಮಾತೆಯ ರೂಪ ಮೂಡಿತ್ತು. 2002ರ ಜುಲೈ 31ರಂದು ಜಗದ್ಗುರು ಎರಡನೇ ಜಾನ್ ಪೌಲರು ಹುವಾನ್ ದಿಯೆಗೊಗೆ ಸಂತ ಪದವಿ ನೀಡಿದರು.

ಇಲ್ಲಿ ಎರಡು ಸಂಗತಿಗಳನ್ನು ನಾವು ಗಮನಿಸಬೇಕು. ಮೊದಲನೆಯದು, ಮನೆಯವರ ಕಾಯಿಲೆ, ಸಂಸಾರದ ಚಿಂತೆ ಇವು ಭಕ್ತಿಗೆ ಅಡ್ಡಿಯೆಂದು ಮಾತೆ ಎಣಿಸಲಿಲ್ಲ. ಎರಡನೆಯದು, ಮಾತೆಯ ರೂಪ ಮೂಡಿದ್ದು ರೇಷ್ಮೆಯ ಮೇಲಲ್ಲ. ಅದು ಕತ್ತಾಳೆ ಜಾತಿಯ ಗಿಡದ ನಾರಿನಿಂದ ನೇಯ್ದ ಒರಟು ಬಟ್ಟೆ. ಬಡವರು ಅದನ್ನು ಚಳಿಗೆ ಹೊದೆಯುತ್ತಿದ್ದರು, ಹೊರೆ ಹೊರುತ್ತಿದ್ದರು. ದುಡಿಮೆಯ ಬಟ್ಟೆಯೇ ದೇವಾಲಯದ ಪೀಠಕ್ಕೇರಿತು. ಬಡವರ ದುಡಿಮೆ, ಅವರ ಉಳಿತಾಯ, ಅವರ ಸಾಲಸೋಲ ಇವೆಲ್ಲ ಧರ್ಮಸಭೆಯ ಕಾಳಜಿಗೆ ಸೇರಿದವು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಬ್ಯಾಂಕಿನ ಬಾಗಿಲ ಹೊರಗೆ

ಅಮೆರಿಕ ಎಂದೊಡನೆ ಎಲ್ಲರ ಕೈಯಲ್ಲೂ ಬ್ಯಾಂಕಿನ ಕಾರ್ಡು ಇರುತ್ತದೆಂದು ನಾವು ಭಾವಿಸುತ್ತೇವೆ. ವಾಸ್ತವ ಹಾಗಿಲ್ಲ. ಆ ದೇಶದ ಠೇವಣಿ ವಿಮಾ ನಿಗಮ 2023ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಪ್ರತಿ ನೂರು ಲ್ಯಾಟಿನೊ ಕುಟುಂಬಗಳಲ್ಲಿ ಒಂಬತ್ತಕ್ಕೂ ಹೆಚ್ಚು ಕುಟುಂಬಗಳಿಗೆ ಬ್ಯಾಂಕ್ ಖಾತೆಯೇ ಇಲ್ಲ. ಬಿಳಿಯ ಕುಟುಂಬಗಳಲ್ಲಿ ಈ ಪ್ರಮಾಣ ನೂರಕ್ಕೆ ಎರಡನ್ನೂ ಮುಟ್ಟುವುದಿಲ್ಲ. ಖಾತೆಯಲ್ಲಿ ಇಂತಿಷ್ಟು ಹಣ ಇರಲೇಬೇಕೆಂಬ ನಿಯಮ, ಗುರುತಿನ ಪತ್ರಗಳ ತೊಡಕು, ಭಾಷೆ ಬಾರದ ಸಂಕೋಚ, ಬ್ಯಾಂಕಿನ ಮೇಲಿನ ಅಪನಂಬಿಕೆ, ಹೀಗೆ ಕಾರಣಗಳು ಹಲವು.

ಖಾತೆ ಇಲ್ಲದವನಿಗೆ ಬಡತನವೇ ಒಂದು ಖರ್ಚು. ವಾರದ ಸಂಬಳದ ಚೆಕ್ಕನ್ನು ನಗದು ಮಾಡಿಸಿಕೊಳ್ಳಲು ಆತ ಅಂಗಡಿಯವನಿಗೆ ಕಮಿಷನ್ ಕೊಡಬೇಕು. ತುರ್ತಿಗೆ ಸಾಲ ಬೇಕಾದರೆ ಮಿತಿಮೀರಿದ ಬಡ್ಡಿ ತೆರಬೇಕು. ಹಣವನ್ನು ಜೇಬಿನಲ್ಲೋ ಹಾಸಿಗೆಯಡಿಯಲ್ಲೋ ಇಟ್ಟುಕೊಂಡರೆ ಕಳ್ಳರ ಭಯ. ದುಡಿದದ್ದು ಕೈಗೆ ಬರುವಷ್ಟರಲ್ಲೇ ಸೋರಿಹೋಗುತ್ತದೆ.

ತಾಂಡಾ ಎಂಬ ಚೀಟಿ

ಈ ಸೋರಿಕೆಗೆ ಜನರೇ ಕಂಡುಕೊಂಡ ಒಂದು ಉಪಾಯ ತಾಂಡಾ. ನಮ್ಮ ಓದುಗರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಇದು ನಮ್ಮ ಚೀಟಿಯ ಸೋದರಿ. ಹತ್ತು ಜನ ಸೇರುತ್ತಾರೆ ಎನ್ನೋಣ. ಪ್ರತಿಯೊಬ್ಬರೂ ವಾರಕ್ಕೆ ನೂರು ಡಾಲರ್ ಹಾಕುತ್ತಾರೆ. ಒಟ್ಟಾಗುವ ಸಾವಿರ ಡಾಲರ್ ಪ್ರತಿ ವಾರ ಒಬ್ಬೊಬ್ಬರಿಗೆ ಹೋಗುತ್ತದೆ. ಹತ್ತನೆಯ ವಾರಕ್ಕೆ ಎಲ್ಲರೂ ಹಾಕಿದಷ್ಟನ್ನು ಪಡೆದಿರುತ್ತಾರೆ. ನಮ್ಮ ಹರಾಜು ಚೀಟಿಯಂತೆ ಇಲ್ಲಿ ಕೂಗುವುದಿಲ್ಲ, ಕಳೆಯುವುದಿಲ್ಲ, ಬಡ್ಡಿಯಿಲ್ಲ. ಯಾರಿಗೆ ಯಾವ ಸರದಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ, ಇಲ್ಲವೇ ನಡೆಸುವವರು ಕಷ್ಟದಲ್ಲಿರುವವರಿಗೆ ಮೊದಲ ಸರದಿ ಬಿಟ್ಟುಕೊಡುತ್ತಾರೆ. ಮೊದಲು ಪಡೆದವರಿಗೆ ಅದು ಬಡ್ಡಿಯಿಲ್ಲದ ಸಾಲ. ಕೊನೆಗೆ ಪಡೆದವರಿಗೆ ಅದು ಉಳಿತಾಯ. ಬಾಡಿಗೆ ಮನೆಯ ಮುಂಗಡ, ಹಳೆಯ ಕಾರು, ಮಗಳ ಹದಿನೈದನೆಯ ಹುಟ್ಟುಹಬ್ಬದ ಪೂಜೆ, ಊರಿನಲ್ಲಿ ತೀರಿಕೊಂಡ ತಂದೆಯ ಅಂತ್ಯಕ್ರಿಯೆ ಇಂಥ ಖರ್ಚುಗಳು ಹೀಗೆ ನೀಗುತ್ತವೆ.

ಹೆಸರುಗಳು ಬೇರೆ ಬೇರೆ. ಉತ್ತರ ಮೆಕ್ಸಿಕೊದವರು ಇದನ್ನು ಕುಂದಿನಾ ಎನ್ನುತ್ತಾರೆ, ಗ್ವಾಟೆಮಾಲದವರು ಕುಚುಬಾಲ್, ಪೆರು ದೇಶದವರು ಹುಂತಾ, ಬೊಲಿವಿಯಾದವರು ಪಸನಾಕು, ಡೊಮಿನಿಕನ್ನರು ಸಾನ್. ಕೆಲಸ ಒಂದೇ.

ಇದಕ್ಕೆ ಪತ್ರವಿಲ್ಲ, ಸಾಕ್ಷಿಯಿಲ್ಲ, ಅಡಮಾನವಿಲ್ಲ. ಹಾಗಾದರೆ ಇದನ್ನು ಹಿಡಿದಿಟ್ಟಿರುವುದು ಏನು? ಮೆಕ್ಸಿಕೊದಲ್ಲೂ ಅಮೆರಿಕದಲ್ಲೂ ಇಂಥ ಗುಂಪುಗಳನ್ನು ಅಧ್ಯಯನ ಮಾಡಿ 1983ರಲ್ಲಿ ಪುಸ್ತಕ ಪ್ರಕಟಿಸಿದ ಮಾನವಶಾಸ್ತ್ರಜ್ಞ ಕಾರ್ಲೋಸ್ ವೆಲೆಸ್-ಇಬಾನ್ಯೆಸ್ ಇದಕ್ಕೆ ಕೊಟ್ಟ ಉತ್ತರ ಒಂದೇ ಪದ: ಕೊನ್ಫಿಯಾನ್ಸಾ, ಅಂದರೆ ಪರಸ್ಪರ ನಂಬಿಕೆ. ಸ್ಪ್ಯಾನಿಷ್ ಭಾಷೆಯಲ್ಲಿ ದೇವರಲ್ಲಿಡುವ ವಿಶ್ವಾಸಕ್ಕೆ 'ಫೆ' ಎಂಬ ಬೇರೆ ಪದವಿದೆ. ಕನ್ನಡದಲ್ಲಿ ನಮಗೆ ಒಂದೇ ಪದ ಸಾಕು. ಭಾನುವಾರ ಪೀಠದ ಮುಂದೆ ಘೋಷಿಸುವುದೂ ವಿಶ್ವಾಸವೇ. ಸೋಮವಾರ ನೆರೆಯವರ ಕೈಗೆ ಚೀಟಿಯ ಹಣ ಕೊಡುವಾಗ ಇಡುವುದೂ ವಿಶ್ವಾಸವೇ. ಈ ಎರಡು ಬೇರೆಯಾಗಬಾರದು ಎಂಬುದೇ ನಾವು ಇಲ್ಲಿ ಹೇಳಹೊರಟಿರುವ ಮಾತು.

ವಿಶ್ವಾಸಕ್ಕೆ ಕಾವಲು

ಆದರೆ ಬರಿಯ ನಂಬಿಕೆಗೆ ಅಪಾಯವೂ ಇದೆ. ಮೊದಲ ಸರದಿಯ ಹಣ ಪಡೆದವನು ಊರು ಬಿಟ್ಟರೆ ನಡೆಸುವಾಕೆ ತನ್ನ ಕೈಯಿಂದ ತುಂಬಬೇಕು. ಎಷ್ಟು ವರ್ಷ ತಪ್ಪದೆ ಕಟ್ಟಿದರೂ ಅದು ಯಾವ ಬ್ಯಾಂಕಿನ ದಾಖಲೆಯಲ್ಲೂ ಸೇರುವುದಿಲ್ಲ. ಆದ್ದರಿಂದ ನಂಬಿಕೆಗೆ ಒಂದು ಬೇಲಿ, ಒಂದು ಲೆಕ್ಕದ ಪುಸ್ತಕ ಬೇಕು. 1891ರಲ್ಲಿ ಜಗದ್ಗುರು ಹದಿಮೂರನೇ ಲಿಯೋ ಅವರು 'ರೇರುಮ್ ನೊವಾರುಮ್' ಎಂಬ ವಿಶ್ವಪತ್ರದಲ್ಲಿ ಕಾರ್ಮಿಕರು ತಮ್ಮವೇ ಸಂಘಗಳನ್ನು, ಪರಸ್ಪರ ಸಹಾಯದ ಕೂಟಗಳನ್ನು ಕಟ್ಟಿಕೊಳ್ಳುವುದನ್ನು ಎತ್ತಿಹಿಡಿದರು. ಲ್ಯಾಟಿನೊ ಜನರ ಚರಿತ್ರೆಯಲ್ಲಿ ಇಂಥ ಸಂಘಗಳ ಸಾಲೇ ಇದೆ.

1894ರಲ್ಲಿ ಅರಿಜೋನಾ ರಾಜ್ಯದ ಟುಸಾನ್ ಪಟ್ಟಣದಲ್ಲಿ ಮೆಕ್ಸಿಕೊ ಮೂಲದವರು 'ಅಲಿಯಾನ್ಸಾ ಹಿಸ್ಪಾನೊ-ಅಮೆರಿಕಾನಾ' ಎಂಬ ಸಂಘ ಸ್ಥಾಪಿಸಿದರು. ಸದಸ್ಯ ತೀರಿಕೊಂಡರೆ ಮಣ್ಣು ಮಾಡುವ ಖರ್ಚು, ಕುಟುಂಬಕ್ಕೆ ಆಸರೆ ಎರಡನ್ನೂ ಅದು ಒದಗಿಸಿತು. 1955ರಲ್ಲಿ ಪೆರು ದೇಶದ ಪುನೊ ಎಂಬಲ್ಲಿ ಮೇರಿನಾಲ್ ಸಭೆಯ ವಂದನೀಯ ಡೇನಿಯಲ್ ಮೆಕ್ಲೆಲನ್ ಅವರು ಬಡ್ಡಿ ವ್ಯಾಪಾರಿಗಳ ಹಿಡಿತದಲ್ಲಿದ್ದ ಜನರಿಗಾಗಿ ಧರ್ಮಕೇಂದ್ರದಲ್ಲೇ ಸಾಲ ಸಹಕಾರ ಸಂಘ ಆರಂಭಿಸಿದರು. ಆ ಮಾದರಿ ಪೆರುವಿನ ಇತರೆಡೆಗೂ ಹರಡಿತು.

ಕ್ಯಾಲಿಫೋರ್ನಿಯಾದ ದ್ರಾಕ್ಷಿ ತೋಟಗಳಲ್ಲಿ 1962ರಲ್ಲಿ ಸೀಸರ್ ಚಾವೆಸ್, ಡೊಲೊರೆಸ್ ವೆರ್ತಾ ಮೊದಲಾದವರು ಕೃಷಿ ಕಾರ್ಮಿಕರ ಸಂಘ ಕಟ್ಟಿದಾಗ ಮೊದಲು ಕೈಹಾಕಿದ್ದು ಮುಷ್ಕರಕ್ಕಲ್ಲ; ಮರಣ ನಿಧಿಗೆ ಮತ್ತು ಸಾಲ ಸಹಕಾರ ಸಂಘಕ್ಕೆ. ಸೀಸರ್ ಅವರ ಸಹೋದರ ರಿಚರ್ಡ್ ತಮ್ಮ ಮನೆಯನ್ನೇ ಅಡವಿಟ್ಟು ಆ ಸಂಘಕ್ಕೆ ಮೂಲಧನ ಒದಗಿಸಿದರು. ಸೀಸರ್ ಅವರ ಪತ್ನಿ ಹೆಲೆನ್ ಲೆಕ್ಕಪತ್ರ ನೋಡಿಕೊಂಡರು. 1966ರ ತಪಸ್ಸುಕಾಲದಲ್ಲಿ ಆ ಕಾರ್ಮಿಕರು ಡೆಲಾನೊದಿಂದ ರಾಜಧಾನಿ ಸ್ಯಾಕ್ರಮೆಂಟೊಗೆ ಕಾಲ್ನಡಿಗೆಯಲ್ಲಿ ಹೊರಟು ಪಾಸ್ಕ ಭಾನುವಾರ ತಲುಪಿದಾಗ ಅವರು ಹಿಡಿದಿದ್ದ ಧ್ವಜದಲ್ಲಿದ್ದುದು ಗ್ವಾಡಲೂಪೆ ಮಾತೆಯ ಚಿತ್ರ.

ಉತ್ತರ ಕೆರೊಲಿನಾದ ಡರ್ಹಮ್ ನಗರದಲ್ಲಿ ವಲಸೆ ಕಾರ್ಮಿಕರನ್ನು ಕಳ್ಳರು 'ನಡೆದಾಡುವ ಬ್ಯಾಂಕು' ಎಂದೇ ಎಣಿಸಿ ದೋಚುತ್ತಿದ್ದರು. ಸಂಬಳವೆಲ್ಲ ಅವರ ಜೇಬಿನಲ್ಲಿರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಇದಕ್ಕೆ ಉತ್ತರವಾಗಿ 2000ದಲ್ಲಿ ಲ್ಯಾಟಿನೊ ಸಮುದಾಯ ಸಾಲ ಸಹಕಾರ ಸಂಘ ಹುಟ್ಟಿತು. ತಾಯ್ನಾಡಿನ ಪಾಸ್‌ಪೋರ್ಟನ್ನೋ ರಾಯಭಾರ ಕಚೇರಿ ನೀಡಿದ ಗುರುತಿನ ಚೀಟಿಯನ್ನೋ ಒಪ್ಪಿ ಖಾತೆ ತೆರೆದು, ಸ್ಪ್ಯಾನಿಷ್‌ನಲ್ಲೇ ವ್ಯವಹಾರ ನಡೆಸಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2007ರಲ್ಲಿ ಆರಂಭವಾದ ಮಿಷನ್ ಅಸೆಟ್ ಫಂಡ್ ತಾಂಡಾವನ್ನೇ ಎತ್ತಿಕೊಂಡು ಅದಕ್ಕೊಂದು ಕರಾರು ಪತ್ರ ಸೇರಿಸಿತು. ಸದಸ್ಯರು ಕಟ್ಟಿದ ಪ್ರತಿ ಕಂತನ್ನೂ ಸಾಲದ ದಾಖಲೆ ಇಡುವ ಸಂಸ್ಥೆಗಳಿಗೆ ವರದಿ ಮಾಡಿತು. ಹೀಗೆ ಅಡುಗೆಮನೆಯ ಪ್ರಾಮಾಣಿಕತೆಗೆ ಬ್ಯಾಂಕಿನಲ್ಲೂ ಬೆಲೆ ಬಂತು. 2014ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಇಂಥ ಬಡ್ಡಿರಹಿತ ಸಾಲಗಳಿಗೆ ಕಾನೂನಿನ ಮನ್ನಣೆ ನೀಡಿತು.

ಸಂತ ಪೌಲರು ಜೆರುಸಲೇಮಿನ ಬಡವರಿಗಾಗಿ ಕಾಣಿಕೆ ಎತ್ತಿದಾಗ ಆ ಹಣದ ವಿಷಯದಲ್ಲಿ ಯಾರೂ ಬೆರಳು ತೋರಿಸದಂತೆ ಎಚ್ಚರ ವಹಿಸಿದರು. ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕೆಂದು ಬಯಸಿದರು (2 ಕೊರಿಂಥ 8:20-21). ಲೆಕ್ಕ ಸರಿಯಾಗಿಡುವುದು ಅಪನಂಬಿಕೆಯಲ್ಲ. ಅದು ನಂಬಿಕೆಗೆ ಕಾವಲು.

ಕೊಡುವ ಕೈ, ಕೂಡುವ ಕೈ

ಆದಿ ಧರ್ಮಸಭೆಯಲ್ಲಿ ಒಂದು ಗೊಣಗಾಟ ಎದ್ದಿತು. ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬುದೇ ಆ ದೂರು (ಪ್ರೇ.ಕಾ. 6:1-6). ಬೇರೆ ಭಾಷೆಯವರು, ಗಂಡನ ಆಸರೆ ಇಲ್ಲದವರು, ಸಾಲಿನ ಕೊನೆಯವರು. ಪ್ರೇಷಿತರು ಅವರಿಗೆ ಒಂದು ತುತ್ತು ಹೆಚ್ಚು ಬಡಿಸಿ ಸುಮ್ಮನಾಗಲಿಲ್ಲ. ಏಳು ಜನರನ್ನು ಆರಿಸಿ ಹಂಚಿಕೆಯ ಹೊಣೆಯನ್ನೇ ಒಪ್ಪಿಸಿದರು. ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ಡಿಸೆಂಬರ್ 26ರಂದು ನಾವು ಸ್ಮರಿಸುವ ಸಂತ ಸ್ತೇಫನರು ಅವರಲ್ಲಿ ಮೊದಲಿಗರು.

ಅಮೆರಿಕದ ಧರ್ಮಾಧ್ಯಕ್ಷರು 1969ರಲ್ಲಿ ಆರಂಭಿಸಿದ ಮಾನವ ಅಭಿವೃದ್ಧಿ ಅಭಿಯಾನದ ಹಿಂದೆಯೂ ಇದೇ ತತ್ವವಿದೆ. 1970ರ ನವೆಂಬರ್‌ನಲ್ಲಿ ಅದಕ್ಕಾಗಿ ದೇಶದ ದೇವಾಲಯಗಳಲ್ಲಿ ಮೊದಲ ಬಾರಿಗೆ ವಿಶೇಷ ಕಾಣಿಕೆ ಎತ್ತಲಾಯಿತು. ಆ ಹಣ ಅನ್ನದಾನಕ್ಕಲ್ಲ. ಬಡವರೇ ಸದಸ್ಯರಾಗಿ, ಬಡವರೇ ನಿರ್ಧಾರ ಕೈಗೊಳ್ಳುವ ಸಂಘಗಳಿಗೆ.

ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ನಗರದ ಉದಾಹರಣೆ ನೋಡಿ. ಮೆಕ್ಸಿಕೊ ಮೂಲದವರು ವಾಸಿಸುತ್ತಿದ್ದ ಪಶ್ಚಿಮ ಭಾಗದಲ್ಲಿ ಮಳೆ ಬಂದರೆ ಬೀದಿಗಳು ಹೊಳೆಯಾಗುತ್ತಿದ್ದವು. ಚರಂಡಿ ಯೋಜನೆಗಳು ದಶಕಗಳಿಂದ ಕಡತದಲ್ಲೇ ಮಲಗಿದ್ದವು. 1974ರಲ್ಲಿ ಅಲ್ಲಿನ ಧರ್ಮಕೇಂದ್ರಗಳ ಜನ ಎರ್ನೆಸ್ತೊ ಕೊರ್ತೆಸ್ ಎಂಬ ಸಂಘಟಕರ ನೆರವಿನಿಂದ 'ಕಾಪ್ಸ್' ಎಂಬ ಸಂಸ್ಥೆ ಕಟ್ಟಿದರು. ಹಬ್ಬದ ಊಟದ ಏರ್ಪಾಡು, ಶಾಲೆಯ ತಾಯಂದಿರ ಕೂಟ ಇವುಗಳಲ್ಲಿ ಪಳಗಿದ ಮಹಿಳೆಯರೇ ಮುಂದಾಳುಗಳಾದರು. ಅದೇ ವರ್ಷ ನಗರಸಭೆ ಸುಮಾರು 4.6 ಕೋಟಿ ಡಾಲರ್‌ಗಳ ಚರಂಡಿ ಯೋಜನೆಗೆ ದಾರಿ ಮಾಡಿಕೊಡಬೇಕಾಯಿತು. 1975ರಲ್ಲಿ ನಗರದ ಪ್ರಭಾವಿಗಳ ಕಿವಿ ತೆರೆಸಲು ಈ ಜನ ದೊಡ್ಡ ಬ್ಯಾಂಕೊಂದರಲ್ಲಿ ಸಾಲುಗಟ್ಟಿ ನಿಂತು ಡಾಲರ್ ನೋಟುಗಳನ್ನು ಚಿಲ್ಲರೆ ಮಾಡಿಸಿದರು. ಮತ್ತೆ ಸಾಲಿನಲ್ಲಿ ನಿಂತು ಆ ಚಿಲ್ಲರೆಯನ್ನು ನೋಟು ಮಾಡಿಸಿದರು! ಯಾರ ಮೇಲೂ ಕೈ ಎತ್ತಲಿಲ್ಲ, ಕಲ್ಲು ತೂರಲಿಲ್ಲ. ಬಡವರ ಬಿಡಿಗಾಸಿಗೂ ಒಟ್ಟಾದರೆ ತೂಕವಿದೆ ಎಂದು ತೋರಿಸಿದರು. ಬಾಲ್ಯದಲ್ಲಿ ಹೊಲಗಳಲ್ಲಿ ದುಡಿದು ಬೆಳೆದ ಪ್ಯಾಟ್ರಿಕ್ ಫ್ಲೋರೆಸ್ 1970ರಲ್ಲಿ ಆ ಧರ್ಮಪ್ರಾಂತ್ಯದ ಸಹಾಯಕ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾಗಿದ್ದರು. ಅಮೆರಿಕದಲ್ಲಿ ಮೆಕ್ಸಿಕನ್ ಮೂಲದ ಮೊದಲ ಧರ್ಮಾಧ್ಯಕ್ಷರು ಅವರೇ.

ಊರಿಗೆ ಹೋಗುವ ಹಣ

ಲ್ಯಾಟಿನೊ ಕುಟುಂಬದ ಲೆಕ್ಕಪುಸ್ತಕದಲ್ಲಿ ಒಂದು ಪುಟ ಯಾವಾಗಲೂ ತಾಯ್ನಾಡಿನದು. 2024ರಲ್ಲಿ ಮೆಕ್ಸಿಕೊ ಒಂದಕ್ಕೇ ಹೊರನಾಡಿನಿಂದ ಸುಮಾರು 6,470 ಕೋಟಿ ಡಾಲರ್ ಬಂತು, ಬಹುಪಾಲು ಅಮೆರಿಕದಿಂದ. ಗಲ್ಫ್ ದೇಶದ ದುಡಿಮೆಯಿಂದ ಮನೆ ಎದ್ದಿರುವ ನಮ್ಮ ಕರಾವಳಿಯ ಕುಟುಂಬಗಳಿಗೆ ಈ ಹಣದ ಬೆಲೆಯೂ ಗೊತ್ತು, ಅದರ ಹಿಂದಿನ ಅಗಲಿಕೆಯೂ ಗೊತ್ತು.

ಒಂದೇ ಊರಿನಿಂದ ಬಂದವರು ಸೇರಿ 'ಊರ ಸಂಘ' ಕಟ್ಟಿಕೊಳ್ಳುವುದು ಅಲ್ಲಿ ಹಳೆಯ ಪದ್ಧತಿ. ಅನೇಕ ಸಂಘಗಳ ಮೊದಲ ಕೆಲಸ ಊರಿನ ದೇವಾಲಯದ ದುರಸ್ತಿ, ಪಾಲಕ ಸಂತರ ಹಬ್ಬದ ಖರ್ಚು. ಅಲ್ಲಿಂದ ಮುಂದೆ ಕುಡಿಯುವ ನೀರು, ರಸ್ತೆ, ಶಾಲೆ. ಸಾಕಾತೆಕಾಸ್ ರಾಜ್ಯದಲ್ಲಿ ಮೊಳೆತ ಒಂದು ಏರ್ಪಾಡನ್ನು 2002ರಲ್ಲಿ ಮೆಕ್ಸಿಕೊ ಸರ್ಕಾರ ದೇಶಕ್ಕೆಲ್ಲ ವಿಸ್ತರಿಸಿತು. ವಲಸಿಗರು ಒಂದು ಡಾಲರ್ ಕೊಟ್ಟರೆ ಕೇಂದ್ರ, ರಾಜ್ಯ ಮತ್ತು ಸ್ಥಳೀಯ ಆಡಳಿತಗಳು ತಲಾ ಒಂದೊಂದು ಸೇರಿಸುತ್ತಿದ್ದವು. ಕೆಲವು ವರ್ಷಗಳ ಹಿಂದೆ ಕೇಂದ್ರ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಊರ ಸಂಘಗಳು ಮಾತ್ರ ಉಳಿದಿವೆ.

ಇಂದಿನ ಪರೀಕ್ಷೆ

ಈಗ ಈ ವಿಶ್ವಾಸಕ್ಕೆ ದೊಡ್ಡ ಪರೀಕ್ಷೆ ಬಂದಿದೆ. 2025ರಲ್ಲಿ ಅಮೆರಿಕ ಸರ್ಕಾರ ದಾಖಲೆ ಇಲ್ಲದ ವಲಸಿಗರ ಬಂಧನ, ಗಡಿಪಾರುಗಳನ್ನು ತೀವ್ರಗೊಳಿಸಿತು. ಜನ ಕೆಲಸಕ್ಕೆ, ಪೂಜೆಗೆ ಬರಲೂ ಹೆದರಿದರು. ಆ ವರ್ಷದ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊ ಧರ್ಮಾಧ್ಯಕ್ಷ ಅಲ್ಬೆರ್ತೊ ರೊಹಾಸ್ ಅವರು ಇಂಥ ಭಯದಲ್ಲಿರುವವರಿಗೆ ಭಾನುವಾರದ ಬಲಿಪೂಜೆಯ ಕಡ್ಡಾಯದಿಂದ ವಿನಾಯಿತಿ ನೀಡಬೇಕಾಯಿತು. ನವೆಂಬರ್‌ನಲ್ಲಿ ಸೇರಿದ ಅಮೆರಿಕದ ಧರ್ಮಾಧ್ಯಕ್ಷರು ವಿವೇಚನೆಯಿಲ್ಲದ ಸಾಮೂಹಿಕ ಗಡಿಪಾರನ್ನು ವಿರೋಧಿಸಿ ವಿಶೇಷ ಸಂದೇಶ ಹೊರಡಿಸಿದರು. ಇದರ ಜೊತೆಗೆ, ನಗದಾಗಿ ಹೊರದೇಶಕ್ಕೆ ಕಳುಹಿಸುವ ಹಣದ ಮೇಲೆ ನೂರಕ್ಕೆ ಒಂದರಂತೆ ತೆರಿಗೆ ವಿಧಿಸುವ ಕಾನೂನು 2026ರ ಆರಂಭದಿಂದ ಜಾರಿಗೆ ಬಂತು. ಬ್ಯಾಂಕ್ ಖಾತೆಯಿಂದ ಕಳುಹಿಸಿದರೆ ಈ ತೆರಿಗೆ ಇಲ್ಲ. ಹೊರೆ ಬೀಳುವುದು ಖಾತೆ ಇಲ್ಲದ ಬಡವನ ಮೇಲೆಯೇ.

ತಾಂಡಾದ ಹತ್ತು ಜನರಲ್ಲಿ ಒಬ್ಬರನ್ನು ಹಿಡಿದುಕೊಂಡು ಹೋದರೆಂದು ಭಾವಿಸೋಣ. ಉಳಿದ ಒಂಬತ್ತು ಮಂದಿಯ ಮುಂದೆ ಎರಡು ದಾರಿಗಳಿವೆ. ಆತನ ಕಂತು ನಿಂತಿತೆಂದು ಹೆಸರು ಹೊಡೆದುಹಾಕಬಹುದು. ಅಥವಾ ತಲಾ ಸ್ವಲ್ಪ ಹೆಚ್ಚು ಹಾಕಿ ಆತನ ಸರದಿಯ ಹಣವನ್ನು ಹೆಂಡತಿ ಮಕ್ಕಳ ಕೈಗೆ ಮುಟ್ಟಿಸಬಹುದು. ಎರಡನೆಯ ದಾರಿಯನ್ನು ಯಾವ ಕಾನೂನೂ ಹೇಳಿಕೊಡುವುದಿಲ್ಲ. ಅದನ್ನು ಆರಿಸಿಕೊಳ್ಳುವ ಶಕ್ತಿ ವಿಶ್ವಾಸದಿಂದಲೇ ಬರಬೇಕು.

ನಮಗೇನು ಕರೆ?

ಆಗಮನ ಕಾಲದಲ್ಲಿ ಸ್ನಾನಿಕ ಯೊವಾನ್ನರ ಬಳಿಗೆ ಬಂದ ಜನ ತಾವೇನು ಮಾಡಬೇಕೆಂದು ಕೇಳಿದರು. ಎರಡು ಅಂಗಿಯುಳ್ಳವನು ಇಲ್ಲದವನಿಗೆ ಒಂದನ್ನು ಕೊಡಲಿ, ಸುಂಕದವರು ಹೆಚ್ಚಿಗೆ ವಸೂಲಿ ಮಾಡದಿರಲಿ, ಸೈನಿಕರು ಸುಲಿಗೆ ಮಾಡದಿರಲಿ ಎಂಬುದು ಅವರ ಬೋಧನೆಯ ಸಾರ (ಲೂಕ 3:10-14). ಮೂರು ಉತ್ತರಗಳೂ ಬಟ್ಟೆ, ಅನ್ನ, ಹಣಕ್ಕೆ ಸೇರಿದವು. ಪ್ರಭುವಿಗೆ ದಾರಿ ಸಿದ್ಧಮಾಡುವುದೆಂದರೆ ಲೆಕ್ಕಪುಸ್ತಕವನ್ನೂ ನೇರ ಮಾಡುವುದು ಎಂದರ್ಥ.

ನಮ್ಮ ಧರ್ಮಕೇಂದ್ರಗಳಲ್ಲೂ ಸ್ವಸಹಾಯ ಸಂಘಗಳಿವೆ, ಮನೆಮನೆಯ ಚೀಟಿಗಳಿವೆ. ಅವುಗಳ ಲೆಕ್ಕ ಎಲ್ಲರ ಮುಂದೆ ತೆರೆದಿದೆಯೇ? ಒಬ್ಬಾಕೆಯ ಗಂಡ ಆಸ್ಪತ್ರೆ ಸೇರಿದಾಗ ಸಂಘ ಆಕೆಯ ಬೆನ್ನಿಗೆ ನಿಲ್ಲುತ್ತದೆಯೇ, ಬಾಗಿಲಿಗೆ ಬಂದು ನಿಲ್ಲುತ್ತದೆಯೇ? ಕಟ್ಟಡ ಕೆಲಸಕ್ಕೆ ಬೇರೆ ರಾಜ್ಯದಿಂದ ಬಂದು, ನಮ್ಮ ದೇವಾಲಯದ ಕೊನೆಯ ಸಾಲಿನಲ್ಲಿ ಕನ್ನಡ ತಿಳಿಯದೆ ಕುಳಿತಿರುವ ಸಹೋದರನಿಗೆ ಆ ಸಂಘದಲ್ಲಿ ಸ್ಥಳವಿದೆಯೇ? ಹಬ್ಬದ ದಿನ ಈ ಪ್ರಶ್ನೆಗಳನ್ನು ನಾವು ಪರಸ್ಪರ ಕೇಳಿಕೊಂಡರೆ ಅದೇ ಮಾತೆಗೆ ಅರ್ಪಿಸುವ ಗುಲಾಬಿ.

ಬಡವನ ಒರಟು ಹೊದಿಕೆಯಲ್ಲಿ ತಮ್ಮ ರೂಪವನ್ನು ಬಿಟ್ಟುಹೋದ ಗ್ವಾಡಲೂಪೆ ಮಾತೆ, ದೂರದ ನಾಡಿನಲ್ಲಿ ಭಯದಿಂದ ಬದುಕುತ್ತಿರುವ ತಮ್ಮ ಮಕ್ಕಳನ್ನು ಕಾಪಾಡಲಿ. ಒಬ್ಬರಿಗೊಬ್ಬರು ವಿಶ್ವಾಸಕ್ಕೆ ಅರ್ಹರಾಗಿ ಬಾಳುವ ಕೃಪೆಯನ್ನು ತಮ್ಮ ಪುತ್ರರಿಂದ ನಮಗೆ ದೊರಕಿಸಿಕೊಡಲಿ.